ವೀರಗಲ್ಲು ಕಲಿಸುವ ಸ್ಮರಣೆ



ಪ್ರತಿವರ್ಷ ಜುಲೈ 26ರಂದು ಶಾಲೆಗಳಲ್ಲಿ ಕಾರ್ಗಿಲ್ ವಿಜಯ ದಿನವನ್ನು ಆಚರಿಸಲಾಗುತ್ತದೆ. 1999ರ ಆ ಸಮರದಲ್ಲಿ 527 ಯೋಧರು ಮಡಿದರೆಂದು ಭಾಷಣದಲ್ಲಿ ಕೇಳಿಬರುತ್ತದೆ; ಜಯಘೋಷ ಮೊಳಗುತ್ತದೆ; ಸಭೆ ಮುಗಿಯುತ್ತದೆ. ಮಗುವಿನ ಮನಸ್ಸಿನಲ್ಲಿ ಉಳಿಯುವುದು ಒಂದು ಅಂಕಿ ಮಾತ್ರ. ಅಂಕಿಗೆ ತಾಯಿಯಿಲ್ಲ, ಊರಿಲ್ಲ. ಮಡಿದವನು ಒಬ್ಬ ಮನುಷ್ಯನಾಗಿ ಕಣ್ಣೆದುರು ನಿಂತಾಗಲೇ ಸ್ಮರಣೆ ಸಾರ್ಥಕ.

ಈ ವಿವೇಕ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಹಿರಿಯರು ನಿಲ್ಲಿಸಿದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ. ಶಾಸನವುಳ್ಳ ಕಲ್ಲುಗಳು ಮಡಿದವನ ಹೆಸರನ್ನೂ ಅವನು ಹೋರಾಡಿದ ಸಂದರ್ಭವನ್ನೂ ತಿಳಿಸುತ್ತವೆ. ಅರಸನಿಗಾಗಿ ಕಾದಿದ ದಳಪತಿಗೆ ಸಂದ ಗೌರವ, ಊರಿನ ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ಸಂದಿತು. ಇಷ್ಟಕ್ಕೇ ಆ ಕಾಲದ ಜನ ನಿಲ್ಲಲಿಲ್ಲ. ಮಡಿದವನ ಮನೆಯವರಿಗೆ ಭೂಮಿಯನ್ನು ದತ್ತಿ ಬಿಟ್ಟರು. ಅದನ್ನು ‘ನೆತ್ತರುಗೊಡಗೆ’ ಎಂದು ಕರೆದರು. ಕಲ್ಲು ಸತ್ತವನಿಗೆ, ಹೊಲ ಉಳಿದವರಿಗೆ. ಸ್ಮರಣೆಯ ಈ ಎರಡು ಮುಖಗಳನ್ನು ಬೇರ್ಪಡಿಸಲಾಗದು.

ಇಂದಿನ ಗಡಿಗೆರೆಗಳು ಈ ಕಲ್ಲುಗಳಿಗೆ ತಿಳಿಯವು. ಹೊಸೂರು ಸೀಮೆಯಲ್ಲಿಯೂ ಮಡಕಶಿರಾ ಸೀಮೆಯಲ್ಲಿಯೂ ಸೊಲ್ಲಾಪುರದ ಕಡೆಯೂ ಅವು ನಿಂತಿವೆ. ತಮಿಳರು ಇಂತಹ ಕಲ್ಲನ್ನು ನಡುಕಲ್ ಎನ್ನುತ್ತಾರೆ. ಹೆಸರು ಬೇರೆಯಾದರೂ ಋಣ ಒಂದೇ. ಗಡಿನಾಡಿನ ಕನ್ನಡ ಶಾಲೆಯ ಮಗುವಿಗೆ ನೆರೆಯ ಭಾಷೆಯ ಮಗುವಿನೊಡನೆ ಕೈಮುಗಿದು ನಿಲ್ಲಲು ಇದಕ್ಕಿಂತ ಉಚಿತವಾದ ನೆಲೆ ಇನ್ನಾವುದಿದೆ?

2019ರ ಫೆಬ್ರವರಿ 25ರಂದು ದೆಹಲಿಯಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಸಮರ ಸ್ಮಾರಕವೂ ಇದೇ ದಾರಿಯದು. ಅಲ್ಲಿ ಮಡಿದ ಒಬ್ಬೊಬ್ಬ ಯೋಧನ ಹೆಸರನ್ನೂ ಗ್ರಾನೈಟ್ ಫಲಕದಲ್ಲಿ ಬೇರೆಬೇರೆಯಾಗಿ ಕೆತ್ತಲಾಗಿದೆ.

ತರಗತಿಯಲ್ಲಿ ಮಾಡಬೇಕಾದುದು ಸರಳವಾಗಿದೆ. ಆ ದಿನ ಒಬ್ಬ ಯೋಧನನ್ನು ಮಾತ್ರ ಆರಿಸಿಕೊಳ್ಳಿರಿ. ಅವನ ಹೆಸರು, ಊರು, ವಯಸ್ಸು, ಮಡಿದ ಬಗೆ ಇವನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಿರಿ. ಅನಂತರ ಎರಡು ನಿಮಿಷ ಮೌನವಿರಲಿ; ಆ ಮೌನದಲ್ಲಿ ಶಿಕ್ಷಕರೂ ತಲೆಬಾಗಿ ನಿಲ್ಲಲಿ. ಊರಿನ ಹೊರಗೆ ವೀರಗಲ್ಲಿದ್ದರೆ ಮಕ್ಕಳನ್ನು ಕರೆದೊಯ್ದು ಅದರ ಸುತ್ತಲಿನ ಕಳೆ ಕೀಳಿಸಿರಿ. ತರಗತಿಯಲ್ಲಿ ಸೈನಿಕನ ಮಗುವಿದ್ದರೆ, ಮನೆಯವರ ಒಪ್ಪಿಗೆಯಿಲ್ಲದೆ ಅದನ್ನು ಎದ್ದು ನಿಲ್ಲಿಸಬೇಡಿರಿ. ಶೋಕವು ಪ್ರದರ್ಶನದ ವಸ್ತುವಲ್ಲ. ಹಗೆಯ ಮಾತೂ ಬೇಡ. ವೀರಗಲ್ಲು ಹಗೆಯನ್ನು ಉಳಿಸಲು ನಿಂತುದಲ್ಲ, ಹೆಸರನ್ನು ಉಳಿಸಲು ನಿಂತುದು.

ಕೆತ್ತಿದ ಅಕ್ಷರ ಮಳೆಗಾಳಿಗೆ ಸವೆಯುತ್ತದೆ. ಅದನ್ನು ಓದಬಲ್ಲ ಮಗುವನ್ನು ಬೆಳೆಸುವ ಹೊಣೆ ಕನ್ನಡ ಶಿಕ್ಷಕರದು.