ಮುಟ್ಟಿದರೆ ಹಾಡುವ ಕಡ್ಡಿಗಳು

ನೋಡಲು ಎಲೆಯುದುರಿದ ಪೊದೆಯಂತೆ. ಇರುವುದೆಲ್ಲ ನೆಟ್ಟಗೆ ನಿಂತ ಲೋಹದ ಕಡ್ಡಿಗಳೇ. ಅಂಗೈಯಿಂದ ಒಮ್ಮೆ ಸವರಿದರೆ ಸಾಕು, ಒಂದು ಕಡ್ಡಿ ಪಕ್ಕದ್ದಕ್ಕೆ ತಾಗುತ್ತದೆ, ಅದು ಮತ್ತೊಂದಕ್ಕೆ. ಹಾಗೆ ಎದ್ದ ಗುಂಯ್‌ಗುಟ್ಟುವ ನಾದ ಕೈ ತೆಗೆದ ಮೇಲೂ ಬೇಗ ಅಡಗುವುದಿಲ್ಲ.

ಇಟಲಿಯಲ್ಲಿ 1915ರಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹ್ಯಾರಿ ಬರ್ಟೋಯಾ ಮಾಡಿದ ನಾದಶಿಲ್ಪಗಳಿವು. ತಂತಿಯೊಂದನ್ನು ಬಗ್ಗಿಸುವಾಗ ಅದು ತುಂಡಾಗಿ ಇನ್ನೊಂದಕ್ಕೆ ಬಡಿಯಿತಂತೆ. ಆ ಸದ್ದು ಅವರನ್ನು ಬಿಡಲಿಲ್ಲ. ಪೆನ್ಸಿಲ್ವೇನಿಯಾದಲ್ಲಿದ್ದ ತಮ್ಮ ಹಳೆಯ ಕೊಟ್ಟಿಗೆಯ ತುಂಬ ಇಂಥವನ್ನೇ ನಿಲ್ಲಿಸಿ, ತಾವೇ ನುಡಿಸಿ, ಧ್ವನಿಮುದ್ರಿಸಿಕೊಂಡರು. ಕಲಾ ಗ್ಯಾಲರಿಗಳಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಓದಿ ರೂಢಿಯಾದವರಿಗೆ, ಮುಟ್ಟದೆ ಬಾಯಿ ಬಿಡದ ಶಿಲ್ಪವೆಂದರೆ ಸೋಜಿಗವೇ.

ಕನ್ನಡದ ಮನೆಗಳಿಗೆ ಈ ಸೋಜಿಗ ಅಷ್ಟು ಹೊಸದಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲನ್ನೇ ನೋಡಿ. ಅರಗಿನ ಬಣ್ಣ, ಮೈಮೇಲೆ ಪುರಾಣದ ಚಿತ್ರಗಳು. ಆದರೆ ಅದನ್ನು ತೊಲೆಗೆ ತೂಗುಹಾಕಿ ಕೈಯಿಟ್ಟಾಗಲೇ ಸರಪಳಿ ಕಿರ್ರೆನ್ನುತ್ತದೆ, ಕಟ್ಟಿದ ಗಿಲಕಿ ಅಲುಗುತ್ತದೆ, ಅದರ ಲಯಕ್ಕೆ ಹಾಡು ಕೂಡಿಕೊಳ್ಳುತ್ತದೆ. ನಾಮಕರಣದ ದಿನವಂತೂ ಎಷ್ಟೋ ಕಡೆ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗುತ್ತಾರೆ. ಕಲ್ಲಿಗೂ ಒಂದು ಜೋಗುಳ!

ಹಾಡಿನ ಧಾಟಿ ಊರಿನದು, ಒಳಗೆ ಬರುವ ಹೆಸರುಗಳು ಮಾತ್ರ ಆಯಾ ಮನೆಯವು. ಸೋದರಮಾವ ಒಂದು ಸಾಲಿನಲ್ಲಿ ಬಂದರೆ ಅತ್ತೆ ಇನ್ನೊಂದರಲ್ಲಿ. ಮಗುವಿಗೆ ಇದರಲ್ಲಿ ಯಾವುದೂ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಹಾರ್ವರ್ಡ್‌ನ ಸಂಶೋಧಕರು 144 ಅಮೆರಿಕನ್ ಕೂಸುಗಳಿಗೆ ಗೊತ್ತಿಲ್ಲದ ಭಾಷೆಗಳ ಹಾಡುಗಳನ್ನು ಕೇಳಿಸಿದ್ದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬೇರೆ ಹಾಡುಗಳಿಗಿಂತ ಜೋಗುಳ ಕೇಳುವಾಗ ಕೂಸುಗಳ ಎದೆಬಡಿತ ಹೆಚ್ಚು ನಿಧಾನವಾಗಿತ್ತು.

ಧ್ವನಿಮುದ್ರಿತ ಹಾಡಿಗೇ ಇಷ್ಟು ಬಲವಿದ್ದರೆ, ಎದುರು ಕೂತ ಅಜ್ಜಿಯ ಮಾತೇ ಬೇರೆ. ಆಕೆಯ ಕಣ್ಣೆಲ್ಲ ಮಗುವಿನ ಮುಷ್ಟಿಯ ಮೇಲೆ. ಬೆರಳು ಸಡಿಲವಾಗುತ್ತಿದ್ದಂತೆ ಪದ ಉದುರಿ ಬರೀ ‘ಜೋ ಜೋ’ ಉಳಿಯುತ್ತದೆ. ಕೊನೆಗೆ ಅದೂ ಹೋಗಿ ಗುನುಗು. ತೂಗಾಟವೂ ಮೆಲ್ಲಗೆ, ಇನ್ನೂ ಮೆಲ್ಲಗೆ. ಇನ್ನೇನು ಮಲಗಿತು ಎಂದು ಸರಪಳಿಯಿಂದ ಕೈ ತೆಗೆದರೆ, ತೊಟ್ಟಿಲೊಳಗೆ ಎರಡು ಕಣ್ಣು ಪಿಳಿಪಿಳಿ. ಅಜ್ಜಿ ಸೆರಗು ಸರಿಮಾಡಿಕೊಂಡು, ಸೋದರಮಾವನಿಂದ ಮತ್ತೆ ಶುರುಮಾಡುತ್ತಾಳೆ.