ಮರಳಿ ಮರಳಿ ಬರುವ ಉರಿಮೂತ್ರ



ಸಭ್ಯರ ಸಂಭಾಷಣೆಯಲ್ಲಿ ಮೂತ್ರವೆಂಬ ಶಬ್ದಕ್ಕೆ ಪ್ರವೇಶವಿಲ್ಲ. ಜ್ವರ, ಕೆಮ್ಮು, ಅಜೀರ್ಣಗಳನ್ನು ಕುರಿತು ನಾವು ಬಂಧುಗಳೊಡನೆ ಗಂಟೆಗಟ್ಟಲೆ ಮಾತನಾಡುವೆವು. ಈ ಒಂದು ವ್ಯಾಧಿಯನ್ನು ಮಾತ್ರ ತಾಯಿಯಾದವಳು ಮಗಳೊಡನೆಯೂ ಬಾಯಿಬಿಟ್ಟು ಆಡಳು. ಹೆಂಗಸರಲ್ಲಿ ಸುಮಾರು ಅರ್ಧ ಪಾಲು ಜನರಾದರೂ ತಮ್ಮ ಆಯುಷ್ಯದಲ್ಲಿ ಒಂದು ಸಲ ಇದರ ಬಾಧೆಯನ್ನು ಅನುಭವಿಸುವರೆಂದು ವೈದ್ಯಶಾಸ್ತ್ರಜ್ಞರ ಲೆಕ್ಕ. ಇಷ್ಟು ವ್ಯಾಪಕವಾದುದನ್ನು ಇಷ್ಟು ಗುಟ್ಟಾಗಿ ಇಟ್ಟಿರುವುದೇ ಅದಕ್ಕೆ ಬಲವನ್ನು ಕೊಟ್ಟಿದೆಯೆಂದು ನನ್ನ ನಂಬಿಕೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬೋಧಿಸುವವನು. ಆದುದರಿಂದ ಔಷಧದ ಚೀಟಿಯನ್ನು ಬರೆದುಕೊಡಲಾರೆ. ಈ ರೋಗವು ಹೇಗೆ ಬರುವುದು, ಹೋದದ್ದು ಏಕೆ ಮರಳುವುದು ಎಂಬಷ್ಟನ್ನು ನಿವೇದಿಸುವೆನು.

ಲಕ್ಷಣಗಳನ್ನು ಬಹಳವಾಗಿ ವರ್ಣಿಸಬೇಕಾದುದಿಲ್ಲ. ವಿಸರ್ಜನೆಯ ಕಾಲದಲ್ಲಿ ಉರಿ, ಪದೇ ಪದೇ ಅವಸರ, ಅಷ್ಟಾಗಿ ಹೊರಬರುವುದು ನಾಲ್ಕೇ ಹನಿ, ಕಿಬ್ಬೊಟ್ಟೆಯಲ್ಲಿ ನೋವು. ಮನೆಯ ಹಿರಿಯರು ಇದಕ್ಕೆ 'ಉಷ್ಣ'ವೆಂದು ಹೆಸರಿಟ್ಟು ಎಳನೀರನ್ನೋ ಬಾರ್ಲಿಯ ನೀರನ್ನೋ ಕುಡಿಸುವರು. ಹೆಸರು ತಪ್ಪಾದರೂ ಉಪಚಾರವು ಪೂರಾ ತಪ್ಪಲ್ಲ. ಅದಕ್ಕೆ ಆಮೇಲೆ ಬರುವೆನು.

ನಿಜವಾದ ಕಾರಣವು ಒಂದು ಸೂಕ್ಷ್ಮಜೀವಿ. 1885ರಲ್ಲಿ ಥಿಯೊಡೋರ್ ಎಷೆರಿಖ್ ಎಂಬ ಶಿಶುವೈದ್ಯನು ಎಳೆಯ ಕೂಸುಗಳ ಮಲವನ್ನು ಪರೀಕ್ಷಿಸುತ್ತ ಇದನ್ನು ಕಂಡು ವರ್ಣಿಸಿದನು. ಈಗ ಅದು ಆತನ ಹೆಸರಿನಿಂದಲೇ ಇ. ಕೋಲಿ ಎಂದು ಪ್ರಸಿದ್ಧವಾಗಿದೆ. ನಮ್ಮೆಲ್ಲರ ಕರುಳಿನಲ್ಲಿ ಅದು ಸಾಮಾನ್ಯವಾಗಿ ನಿರುಪದ್ರವಿಯಾಗಿ ವಾಸಮಾಡುವುದು. ಕರುಳಿನಿಂದ ಹೊರಬಂದು ಮೂತ್ರನಾಳವನ್ನು ಹೊಕ್ಕು ಮೂತ್ರಾಶಯವನ್ನು ಸೇರಿದಾಗಲೇ ಅನರ್ಥ. ಗಂಡಸರಲ್ಲಿ ಈ ನಾಳದ ಉದ್ದ ಸುಮಾರು 20 ಸೆಂಟಿಮೀಟರು. ಹೆಂಗಸರಲ್ಲಿ ಸುಮಾರು 4 ಮಾತ್ರ, ಅದರ ಬಾಯಿಯೂ ಗುದದ್ವಾರಕ್ಕೆ ಸಮೀಪ. ಈ ಸಂಕಟವು ಹೆಂಗಸರಿಗೇ ಹೆಚ್ಚಾಗಿ ಬರುವುದಕ್ಕೆ ಮುಖ್ಯ ಕಾರಣ ದೇಹರಚನೆಯೇ ಹೊರತು ನಡತೆಯಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವುಂಟು. ರೋಗವು ಎರಡನೆಯ ಸಲ, ಮೂರನೆಯ ಸಲ ಬಂದಿತೆಂದರೆ ಆ ಹೆಣ್ಣುಮಗಳಿಗೆ ಶುಚಿತ್ವವಿಲ್ಲವೆಂದು ಮನೆಯವರು ಪಿಸುಗುಟ್ಟುವರು. ಸೊಸೆಯಾದರಂತೂ ಹೇಳಬೇಕಾದುದೇ ಇಲ್ಲ. ಶೌಚಮಾಡುವಾಗ ಕೈಯನ್ನು ಮುಂದಿನಿಂದ ಹಿಂದಕ್ಕೆ ಒಯ್ಯುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ಯುವತಿಯರನ್ನು ಕುರಿತು ನಡೆಸಿದ ಶೋಧನೆಗಳಲ್ಲಿ ಇಂಥ ಅಭ್ಯಾಸಗಳಿಗೂ ರೋಗದ ಮರುಕಳಿಕೆಗೂ ಸ್ಪಷ್ಟವಾದ ಸಂಬಂಧವು ಕಾಣಬರಲಿಲ್ಲ. ಸಂಬಂಧವು ಕಂಡುಬಂದದ್ದು ದಾಂಪತ್ಯ ಸಂಪರ್ಕಕ್ಕೆ, ವೀರ್ಯನಾಶಕ ಲೇಪಗಳ ಬಳಕೆಗೆ, ಮತ್ತು ತಾಯಿಗೂ ಇದೇ ತೊಂದರೆಯಿದ್ದುದಕ್ಕೆ. ತಾಯಿ ಮುಚ್ಚಿಟ್ಟ ವಿಷಯವು ಮಗಳ ವೈದ್ಯನಿಗೆ ಎಷ್ಟು ಬೇಕಾದುದೆಂಬುದನ್ನು ನೋಡಿರಿ.

ಇನ್ನು ಮರುಕಳಿಕೆ. ಆರು ತಿಂಗಳಲ್ಲಿ ಎರಡು ಸಲ, ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕೆಂದು ವೈದ್ಯರು ಎಣಿಸುವರು. ಹೆಚ್ಚಾಗಿ ಕರುಳಿನಿಂದ ಹೊಸ ದಂಡು ಬರುವುದೇ ಇದಕ್ಕೆ ಕಾರಣ. ಕೆಲವು ಸಲ ಹಳೆಯ ದಂಡೇ ಅಡಗಿ ಕುಳಿತಿರುವುದೂ ಉಂಟು: ಈ ಜೀವಿಗಳು ಮೈಮೇಲಿನ ಕೂದಲಿನಂಥ ಎಳೆಗಳಿಂದ ಮೂತ್ರಾಶಯದ ಒಳಪದರಕ್ಕೆ ಅಂಟಿಕೊಂಡು, ಅದರ ಜೀವಕೋಶಗಳ ಒಳಕ್ಕೇ ನುಗ್ಗಿ ಅವಿತುಕೊಳ್ಳುವುದನ್ನು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ವಿಶದವಾಗಿ ಕಂಡಿರುವರು. ಇವುಗಳ ವಿರುದ್ಧ ದೇಹಕ್ಕಿರುವ ಮೊದಲ ಆಯುಧವು ಮೂತ್ರದ ಪ್ರವಾಹವೇ. ಪ್ರಯೋಗಶಾಲೆಯ ಅನುಕೂಲ ಸನ್ನಿವೇಶದಲ್ಲಿ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುದು. ಒಂದು ಇದ್ದದ್ದು 7 ಗಂಟೆಗಳಲ್ಲಿ 20 ಲಕ್ಷವನ್ನು ಮೀರುವುದು. ಮೂತ್ರಾಶಯದಲ್ಲಿ ವೇಗವು ತುಸು ಕಡಮೆಯೇ ಇರಲಿ. ಬೆಳಗ್ಗೆ ಮನೆಬಿಟ್ಟವಳು ಸಂಜೆಯವರೆಗೆ ತಡೆದುಕೊಂಡರೆ ಅವಕ್ಕೆ ಎಷ್ಟು ಬಿಡುವನ್ನು ಕೊಟ್ಟಂತಾಯಿತು!

ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಬೆಳಗ್ಗೆ ತಂದ ನೀರಿನ ಸೀಸೆಯನ್ನು ಸಂಜೆ ಹಾಗೆಯೇ ತುಂಬಿದಂತೆ ಮನೆಗೆ ಒಯ್ಯುವರು. ಬಾಯಾರಿಕೆಯಿಲ್ಲವೆಂದಲ್ಲ. ಅಗುಳಿಯಿಲ್ಲದ ಬಾಗಿಲು, ನೀರಿಲ್ಲದ ನಲ್ಲಿ, ಇವನ್ನು ನೆನೆದು ಕುಡಿಯುವುದನ್ನೇ ಬಿಟ್ಟಿರುವರು. ಕಚೇರಿಗಳಲ್ಲಿಯೂ ಅಂಗಡಿಗಳಲ್ಲಿಯೂ ದುಡಿಯುವ ಹೆಂಗಸರ ಪಾಡು ಬೇರೆಯಲ್ಲ. ಕಟ್ಟಡಗಳ ಮುಂಭಾಗಕ್ಕೆ ಕಮಾನುಗಳನ್ನು ಕಟ್ಟಿಸುವ ಆಡಳಿತಗಾರರು ಹಿಂಭಾಗದ ಈ ಕೊಠಡಿಯನ್ನೂ ಒಮ್ಮೆ ಹೋಗಿ ನೋಡಿಬರುವುದು ಲೇಸು.

ನೀರಿನ ಮಹಿಮೆಗೆ ಪ್ರಮಾಣವಿಲ್ಲದಿಲ್ಲ. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಮೆ ದ್ರವವನ್ನು ಕುಡಿಯುತ್ತಿದ್ದ, ಮರುಕಳಿಕೆಯಿಂದ ನೊಂದ 140 ಮಂದಿ ಹೆಂಗಸರ ಮೇಲೆ ಬಲ್ಗೇರಿಯಾದಲ್ಲಿ ನಡೆದ ಪರೀಕ್ಷೆಯ ಫಲವು 2018ರಲ್ಲಿ ಪ್ರಕಟವಾಯಿತು. ಅರ್ಧ ಜನರು ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿದರು. ವರ್ಷದ ಕೊನೆಗೆ ಅವರಿಗೆ ರೋಗವು ಸರಾಸರಿ 1.7 ಸಲ, ಉಳಿದವರಿಗೆ 3.2 ಸಲ ಬಂದಿದ್ದಿತು. ನಮ್ಮ ಅಜ್ಜಿಯರ ಎಳನೀರು ಸಾಧಿಸಿದ್ದೂ ಬಹುಶಃ ಇದನ್ನೇ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ನೀರನ್ನು ಹೆಚ್ಚಿಸಬಾರದು.

ಮುಟ್ಟು ನಿಂತ ಹೆಂಗಸರ ವಿಚಾರ ಬೇರೆ. ಮೊಸರಿನ ಜೀವಿಗಳ ಬಳಗಕ್ಕೆ ಸೇರಿದ ಕೆಲವು ಮಿತ್ರಜೀವಿಗಳು ಯೋನಿಯಲ್ಲಿದ್ದು ಆಮ್ಲವನ್ನು ಉಂಟುಮಾಡಿ ಶತ್ರುವನ್ನು ದೂರವಿಡುವುವು. ಈಸ್ಟ್ರೊಜನ್ ರಸವು ಕುಗ್ಗಿದಂತೆ ಇವೂ ಕ್ಷೀಣಿಸುವುವು. 1993ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಈ ರಸದ ಮುಲಾಮನ್ನು ಅಲ್ಲಿಯೇ ಲೇಪಿಸಿಕೊಂಡವರಿಗೆ ವರ್ಷಕ್ಕೆ ಸರಾಸರಿ 0.5 ಸಲ ರೋಗ ಬಂದರೆ, ಬರಿಯ ಲೇಪವನ್ನು ಬಳಸಿದವರಿಗೆ 5.9 ಸಲ ಬಂದಿತು. ಇಷ್ಟು ಗುಣವುಳ್ಳ ಚಿಕಿತ್ಸೆಯನ್ನು ವಯಸ್ಸಾದ ತಾಯಂದಿರು ನಾಚಿಕೆಯಿಂದ ಕೇಳದೆ ಇರುವುದು ದುಃಖದ ಸಂಗತಿ.

ಹೋದ ವರ್ಷದ ಚೀಟಿಯನ್ನು ಹಿಡಿದು ಅದೇ ಆಂಟಿಬಯಾಟಿಕ್ ಮಾತ್ರೆಯನ್ನು ಕೊಂಡುತರುವ ಪದ್ಧತಿಯು ಅಪಾಯಕರ. ಮಿತ್ರಜೀವಿಗಳು ಸಾಯುವುವು; ಶತ್ರುವಿನಲ್ಲಿ ಮಾತ್ರೆಗೆ ಬಗ್ಗದ ತಳಿಯೇ ಉಳಿದು ಬೆಳೆಯುವುದು. ಮರುಕಳಿಸಿದಾಗ ಮೊದಲು ಮೂತ್ರದ ಕಲ್ಚರ್ ಪರೀಕ್ಷೆಯನ್ನು ಮಾಡಿಸಿ, ಯಾವ ಜೀವಿ, ಯಾವ ಔಷಧಕ್ಕೆ ಮಣಿಯುವುದು ಎಂಬುದನ್ನು ತಿಳಿದು, ವೈದ್ಯರು ಹೇಳಿದಷ್ಟು ದಿನ ಸೇವಿಸಬೇಕು. ಬಾಧೆಯೇ ಇಲ್ಲದೆ ಪರೀಕ್ಷೆಯಲ್ಲಿ ಮಾತ್ರ ಜೀವಿಗಳು ಕಂಡರೆ ಸಾಮಾನ್ಯವಾಗಿ ಔಷಧವು ಬೇಡ. ಗರ್ಭಿಣಿಯರಿಗೆ ಮಾತ್ರ ಅವಶ್ಯವಾಗಿ ಬೇಕು, ಇಲ್ಲದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರುವ ಭಯವುಂಟು.

ಗಂಡಸರಿಗೆ, ಮಕ್ಕಳಿಗೆ, ಮಧುಮೇಹಿಗಳಿಗೆ ಈ ರೋಗ ಬಂದರೆ ಕಲ್ಲು, ಅಡಚಣೆ ಮೊದಲಾದ ಒಳಗಾರಣಗಳನ್ನು ವೈದ್ಯರಿಂದ ಹುಡುಕಿಸಬೇಕು. ಉರಿಯೊಡನೆ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇವು ಕಂಡರೆ ಎಳನೀರಿನಿಂದ ಕಾಲಹರಣ ಮಾಡಲಾಗದು. ಅದೇ ದಿನ, ರಾತ್ರಿಯಾಗಿದ್ದರೂ ಸರಿಯೆ, ಆಸ್ಪತ್ರೆಗೆ ಹೋಗಬೇಕು.