ಉಟ್ರೆಕ್ಟೋ ಗೆಂಟೋ, ಹೆಬ್ಬಾಳವೋ ಬೀದರೋ

ನೆದರ್‌ಲ್ಯಾಂಡ್ಸಿನ ಹೇಗ್ ನಗರಕ್ಕೆ ಅಂಟಿಕೊಂಡಿರುವ ಊರು ವೂರ್‌ಬರ್ಗ್. ತತ್ವಜ್ಞಾನಿ ಸ್ಪಿನೋಜಾ 1663ರಿಂದ 1670ರವರೆಗೆ ಮಸೂರ ಉಜ್ಜುತ್ತ ಬಾಳಿದ್ದು ಇಲ್ಲಿಯೇ. ಈ ಊರಿನಲ್ಲಿ ಶಾಲೆ ಮುಗಿಸಿದ ಹುಡುಗಿಯೊಬ್ಬಳಿಗೆ ಪಶುವೈದ್ಯೆಯಾಗುವ ಆಸೆ ಮೂಡಿದರೆ ಇಡೀ ದೇಶದಲ್ಲಿ ಅವಳಿಗಿರುವುದು ಒಂದೇ ಬಾಗಿಲು, ಉಟ್ರೆಕ್ಟ್ ವಿಶ್ವವಿದ್ಯಾಲಯ. ವೂರ್‌ಬರ್ಗ್ ನಿಲ್ದಾಣದ ಹಳಿ ಗೌಡಾ ಊರನ್ನು ದಾಟಿ ಅತ್ತಲೇ ಸಾಗುತ್ತದೆ. ಆದರೆ ಅಲ್ಲಿರುವ ಸೀಟು ವರ್ಷಕ್ಕೆ ಸುಮಾರು 225. ಬಹಳ ವರ್ಷ ಅವನ್ನು ಹಂಚಿದ್ದು ಲಾಟರಿಯ ಮೂಲಕ. ಅಂಕ ಹೆಚ್ಚಿದ್ದವರಿಗೆ ಅದೃಷ್ಟದ ಪಾಲೂ ತುಸು ಹೆಚ್ಚು. 2017ರ ಹೊತ್ತಿಗೆ ಆ ಪದ್ಧತಿ ಹೋಗಿ ಅಭ್ಯರ್ಥಿಗಳನ್ನು ಅಳೆದು ಆರಿಸುವ ಕ್ರಮ ಬಂತು.

ಇನ್ನೊಂದು ಬಾಗಿಲು ಗಡಿಯಾಚೆ, ಬೆಲ್ಜಿಯಂನ ಗೆಂಟ್‌ನಲ್ಲಿದೆ. ಅಲ್ಲಿಯೂ ಪಾಠ ನಡೆಯುವುದು ಡಚ್ ಭಾಷೆಯಲ್ಲೇ. ಎರಡೂ ಕಡೆ ಓದು ಆರು ವರ್ಷ. ಪದವಿ ಯಾವುದಾದರೂ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಎರಡೂ ದೇಶಗಳಲ್ಲಿ ವೃತ್ತಿ ಮಾಡಬಹುದು. ಶುಲ್ಕವಂತೂ ಇತ್ತೀಚಿನ ವರ್ಷಗಳಲ್ಲಿ ಗೆಂಟ್‌ನಲ್ಲಿ ಉಟ್ರೆಕ್ಟ್‌ನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಸೀಟು ತಪ್ಪಿದ ಡಚ್ ಮಕ್ಕಳು ವರ್ಷವರ್ಷವೂ ದಕ್ಷಿಣದ ರೈಲು ಹತ್ತಿದರು. ಈಗ ಅಲ್ಲಿಗೂ ಪ್ರವೇಶ ಪರೀಕ್ಷೆ ಬಂದಿದೆ.

ಎರಡೂ ಕಡೆ ಸೀಟು ಸಿಕ್ಕವರು ಮೊದಲು ನೋಡುವುದು ಯಾವ ಕಾಲೇಜಿನ ಹೆಸರು ದೊಡ್ಡದು ಎಂಬುದನ್ನು. ಅದಕ್ಕಿಂತ ಮೊದಲು ನೋಡಬೇಕಾದದ್ದು, ಕಲಿಯುವವರ ಕೈಗೆ ಅಲ್ಲಿ ಯಾವ ಪ್ರಾಣಿ ಸಿಗುತ್ತದೆ ಎಂಬುದನ್ನು.

ಬೆಲ್ಜಿಯಂನಲ್ಲಿ ‘ಬೆಲ್ಜಿಯನ್ ಬ್ಲೂ’ ಎಂಬ ದನದ ತಳಿ ಇದೆ. ಸ್ನಾಯು ಬೆಳೆಯುವುದಕ್ಕೆ ಮಿತಿ ಹಾಕುವ ಜೀನ್ ಅದರಲ್ಲಿ ಕೆಟ್ಟಿದೆ, ಮೈಯೆಲ್ಲ ಮಾಂಸಖಂಡ. ಕರು ದಪ್ಪ, ತಾಯಿಯ ಹಾದಿ ಕಿರಿದು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್ನೇ. ಹಸು ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಅರಿವಳಿಕೆ ಮದ್ದು ಚುಚ್ಚಿ, ಎಡ ಪಕ್ಕೆ ಕೊಯ್ದು ಕರುವನ್ನು ಹೊರಗೆಳೆಯುತ್ತಾರೆ. ಬೇರೆ ದೇಶದ ವಿದ್ಯಾರ್ಥಿಗೆ ಅಪರೂಪಕ್ಕೆ ಕಾಣಸಿಗುವ ಈ ಶಸ್ತ್ರಕ್ರಿಯೆ ಗೆಂಟ್‌ನ ವಿದ್ಯಾರ್ಥಿಗೆ ದಿನನಿತ್ಯದ್ದು. ದನದ ಡಾಕ್ಟರಾಗಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗುವುದು ಕಷ್ಟ. ಜೊತೆಗೊಂದು ಪ್ರಶ್ನೆಯನ್ನೂ ಆ ಕೊಟ್ಟಿಗೆಯಲ್ಲೇ ಎದುರಿಸಬೇಕು: ಕತ್ತರಿ ಇಲ್ಲದೆ ಹೆರಲಾಗದ ಪ್ರಾಣಿಯನ್ನು ಮನುಷ್ಯ ಬೆಳೆಸುತ್ತಲೇ ಹೋಗುವುದು ಸರಿಯೇ? ವೈದ್ಯೆಯಾಗುವವಳು ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಹಸುವಿನ ಪಕ್ಕದಲ್ಲಿ ನಿಂತು ಯೋಚಿಸುವುದೇ ಮೇಲು.

ಉಟ್ರೆಕ್ಟ್‌ನ ಬಲ ಬೇರೆ. ಅಲ್ಲಿ ಕೊನೆಯ ಮೂರು ವರ್ಷಗಳಲ್ಲಿ ನಾಯಿ ಬೆಕ್ಕು, ಕುದುರೆ, ಕೃಷಿ ಪಶು ಎಂದು ದಾರಿ ಕವಲೊಡೆಯುತ್ತದೆ. ಈ ಶಾಲೆ 1821ರಲ್ಲಿ ಹುಟ್ಟಿದ್ದರ ಹಿಂದೆ ದನಗಳ ದೊಡ್ಡರೋಗದ ನೆನಪಿತ್ತು. 18ನೇ ಶತಮಾನದಲ್ಲಿ ಈ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್ ಮೂರು ಸಲ ಆ ನಾಡಿನ ಕೊಟ್ಟಿಗೆಗಳನ್ನು ಬರಿದು ಮಾಡಿತ್ತು. ಆಗ ಗ್ರೋನಿಂಗನ್ ಸೀಮೆಯ ಹೇರ್ಟ್ ರೈಂಡರ್ಸ್ ಎಂಬ ರೈತ, ರೋಗದಿಂದ ಚೇತರಿಸಿಕೊಂಡ ಹಸುವಿನ ಕರುವಿಗೆ ಹುಟ್ಟಿನಿಂದಲೇ ಕೆಲಕಾಲ ರಕ್ಷಣೆ ಇರುತ್ತದೆಂದು ಕಂಡುಕೊಂಡ. ಕಾಲೇಜು ಇನ್ನೂ ಇರದಿದ್ದ ಕಾಲದಲ್ಲಿ ರೈತನೊಬ್ಬ ಕಣ್ಣು ಬಿಟ್ಟು ನೋಡಿ ಕಂಡ ಸತ್ಯ ಅದು. ಪಶುವೈದ್ಯಕೀಯದ ಚರಿತ್ರೆಯಲ್ಲಿ ಆತನಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಅದೇ ರೋಗದ ಭಯವೇ ನಮ್ಮ ಬೆಂಗಳೂರಿನ ಹೆಬ್ಬಾಳಕ್ಕೂ ಪಶುವಿಜ್ಞಾನವನ್ನು ತಂದಿತು. 1925ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಸೀರಂ ಸಂಸ್ಥೆ ತೆರೆದದ್ದು ದೊಡ್ಡರೋಗದ ವಿರುದ್ಧ ಸೀರಂ ತಯಾರಿಸಲು. 1958ರಲ್ಲಿ ಹೆಬ್ಬಾಳದಲ್ಲೇ ಪಶುವೈದ್ಯಕೀಯ ಕಾಲೇಜು ಶುರುವಾಯಿತು. ದೊಡ್ಡರೋಗ ಜಗತ್ತಿನಿಂದಲೇ ತೊಲಗಿತೆಂದು ಘೋಷಣೆಯಾದದ್ದು 2011ರಲ್ಲಿ. ಮನುಷ್ಯ ಪೂರ್ತಿಯಾಗಿ ಅಳಿಸಿಹಾಕಿದ ಎರಡೇ ರೋಗಗಳಲ್ಲಿ ಇದೂ ಒಂದು, ಇನ್ನೊಂದು ಸಿಡುಬು.

ಕರ್ನಾಟಕದಲ್ಲಿ ಸಿಇಟಿ ಬರೆದು ಆಪ್ಷನ್ ಎಂಟ್ರಿಗೆ ಕೂತ ಮಕ್ಕಳ ಮನೆಗಳಲ್ಲೂ ಇದೇ ಲೆಕ್ಕಾಚಾರ ನಡೆಯುತ್ತದೆ. ಹೆಬ್ಬಾಳ ಸಿಕ್ಕಿದರೆ ಸಾಕು ಅನ್ನುವವರೇ ಹೆಚ್ಚು. ರಾಜಧಾನಿ, ಹಾಸ್ಟೆಲ್, ಊರಿಗೆ ಹೋಗಿಬರುವ ಬಸ್ಸು, ಎಲ್ಲವೂ ಆ ಮಾತಿನಲ್ಲಿವೆ. ಅವು ಸಣ್ಣ ಕಾರಣಗಳೂ ಅಲ್ಲ. ಆದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಎಲ್ಲಿ ಓದಿದರೂ ಪದವಿ ಕೊಡುವುದು ಬೀದರಿನಲ್ಲೇ ಕೇಂದ್ರವಿರುವ ಪಶು ವಿಶ್ವವಿದ್ಯಾಲಯ. ಪಠ್ಯವೂ ಒಂದೇ, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಬದಲಾಗುವುದು ಆಸ್ಪತ್ರೆಯ ಗೇಟಿನಲ್ಲಿ ನಿಂತಿರುವ ಪ್ರಾಣಿ. ಬೆಂಗಳೂರಿನಲ್ಲಿ ಲ್ಯಾಬ್ರಡಾರ್ ನಾಯಿ, ಪರ್ಷಿಯನ್ ಬೆಕ್ಕು. ಬೀದರಿನಲ್ಲಿ ಆ ಸೀಮೆಯ ದೇವಣಿ ಎತ್ತು, ಎಮ್ಮೆ, ಉಸ್ಮಾನಾಬಾದಿ ಮೇಕೆ. ಶಿವಮೊಗ್ಗದ ಸುತ್ತ ಮಲೆನಾಡು ಗಿಡ್ಡ. ಊರಿನಿಂದ ತುಸು ಹೊರಗೆ ಸಕ್ರೆಬೈಲಿನ ಆನೆ ಬಿಡಾರ.

2022ರಲ್ಲಿ ಚರ್ಮಗಂಟು ರೋಗ ರಾಜ್ಯದ ದನಗಳನ್ನು ಹಿಡಿದಾಗ ರೈತರು ಕಾದು ಕುಳಿತದ್ದು ಸಿರಿಂಜ್ ಹಿಡಿದು ಹಳ್ಳಿಗೆ ಬರುವವರಿಗಾಗಿ. ಹಟ್ಟಿಯ ದನ ಹೇಗೆ ಬೆದರುತ್ತದೆ, ಮೂಗುದಾರ ಯಾರು ಹಿಡಿಯಬೇಕು, ಸೋತುಹೋದ ಹಸುವಿನ ಒಡತಿಗೆ ಏನು ಹೇಳಬೇಕು ಎಂಬುದು ತರಗತಿಯಲ್ಲಿ ಬರುವ ವಿದ್ಯೆಯಲ್ಲ. ನಾಯಿ ಬೆಕ್ಕಿನ ವೈದ್ಯರೂ ಬೇಕು; ನಗರಗಳಲ್ಲಿ ಅವರ ಕೆಲಸ ದಿನೇದಿನೇ ಹೆಚ್ಚುತ್ತಿದೆ. ಅದನ್ನೇ ಬಯಸಿದವರು ಹೆಬ್ಬಾಳವನ್ನೇ ಮೊದಲು ಬರೆಯಲಿ. ದನಕರುಗಳ ನಡುವೆ ಬೆಳೆದು ಅವುಗಳಿಗಾಗಿಯೇ ಓದಲು ಹೊರಟ ಹುಡುಗ ಮಾತ್ರ ಬೀದರನ್ನು ಪಟ್ಟಿಯ ತಳಕ್ಕೆ ತಳ್ಳುವ ಮುನ್ನ ಒಂದು ಬೆಳಿಗ್ಗೆ ಅಲ್ಲಿನ ಕಾಲೇಜು ಆಸ್ಪತ್ರೆಯ ಮುಂದೆ ನಿಂತು ನೋಡಬೇಕು: ಯಾವ ಯಾವ ಪ್ರಾಣಿ ಬಂತು, ಅದನ್ನು ಮೊದಲು ಮುಟ್ಟಿದ್ದು ಪ್ರಾಧ್ಯಾಪಕರೋ ವಿದ್ಯಾರ್ಥಿಯೋ, ಕೊನೆಯ ವರ್ಷದವರು ಎಷ್ಟು ಹೆರಿಗೆ ಮಾಡಿಸಿದ್ದಾರೆ. ಹೆಬ್ಬಾಳದಲ್ಲೂ ಇದನ್ನೇ ಕೇಳಬಹುದು. ಉಟ್ರೆಕ್ಟ್ ಮತ್ತು ಗೆಂಟ್‌ನ ನಡುವೆ ತೂಗುತ್ತಿರುವ ವೂರ್‌ಬರ್ಗ್‌ನ ಹುಡುಗಿಯೂ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಕಾದದ್ದು ಇವನ್ನೇ.